ಕೊರಳ ಲಾಡಿ

ನನ್ನ ಗಂಡ ಗಾಲ್ಸೆರಾನ್ ಕಡಲಾಚೆಯ ಬುಜಿಯಾ ಪಟ್ಟಣವನ್ನು ಮೊದಲ ಸಲ ಕಂಡದ್ದು ಆಲಿವ್ ಮರದ ಮೇಲಿನಿಂದ. ಕೊಂಬೆ ಸವರಲೆಂದು ಹತ್ತಿದವರು ಊಟದ ಹೊತ್ತು ಮೀರಿದರೂ ಇಳಿಯಲಿಲ್ಲ. ಕಡಲೆ ಸಾರು ಆರಿಹೋಗುತ್ತದೆಂದು ಗೊಣಗುತ್ತ ನಾನು ತೋಟಕ್ಕೆ ಹೋದರೆ, ಕುಡುಗೋಲು ಹುಲ್ಲಿನಲ್ಲಿ ಬಿದ್ದಿತ್ತು. ಅವರು ಕೊಂಬೆಯನ್ನು ತಬ್ಬಿಕೊಂಡು ಕಡಲಿನ ಕಡೆ ನೋಡುತ್ತ ಕೂತಿದ್ದರು. ನಮ್ಮ ಮಲ್ಲೋರ್ಕಾ ದ್ವೀಪದಿಂದ ಕಡಲಿನ ಆಚೆ ದಡ ಕಾಣುವುದಿಲ್ಲ. ಇಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು.

“ಬೆಳ್ಳಗಿದೆ ಕಣೇ ಸೌರಿನಾ. ಇಡೀ ಊರೇ ಬೆಳ್ಳಗಿದೆ. ಮನೆಗಳು ಬೆಟ್ಟದಿಂದ ನೀರಿನ ತನಕ ಇಳ್ಕೊಂಡು ಬಂದಿವೆ. ಜನ ಬಾಗಿಲಲ್ಲಿ ನಿಂತು ನನಗೇ ಕಾಯ್ತಿದಾರೆ.”

“ಇಲ್ಲೂ ಒಬ್ಬಳು ಕಾಯ್ತಿದಾಳೆ, ಸಾರಿನ ಮುಂದೆ. ಇಳೀರಿ ಮೊದ್ಲು.”

ಇಳಿದರು. ಊಟವನ್ನೂ ಮಾಡಿದರು. ಆದರೆ ಅವತ್ತಿನಿಂದ ನನ್ನ ಗಂಡನ ಅರ್ಧ ಜೀವ ಆ ಮರದ ಮೇಲೇ ಉಳಿದುಬಿಟ್ಟಿತು. ನಡುರಾತ್ರಿಯಲ್ಲಾಗಲಿ ಜ್ವರದಲ್ಲಾಗಲಿ ಕಂಡದ್ದಾಗಿದ್ದರೆ ಮದ್ದು ಕೊಡಿಸಬಹುದಿತ್ತು. ಇದು ನಡುಹಗಲಿನಲ್ಲಿ, ಹಸಿದ ಹೊಟ್ಟೆಯಲ್ಲಿ, ಕಣ್ಣು ತೆರೆದುಕೊಂಡೇ ಕಂಡ ಕನಸು. ಬುಜಿಯಾ ಮುಸಲ್ಮಾನರ ಊರು. ಅಲ್ಲಿಗೆ ಹೋಗಿ, ಸಂತೆಯ ನಡುವೆ ನಿಂತು, ಕತ್ತಿ ಹಿಡಿಯದೆ, ಬೈಯದೆ, ಬರೀ ತರ್ಕದಿಂದ ಅವರನ್ನು ಕ್ರಿಸ್ತನ ಕಡೆಗೆ ತರಬೇಕು ಎಂಬುದು ಅವರ ತಲೆಗೆ ಹೊಕ್ಕಿತು.

ಅದಕ್ಕಾಗಿ ಒಂದು ಚಕ್ರ ಮಾಡಿದರು. ತೊಗಲಿನ ಹಾಳೆಯಿಂದ ಕತ್ತರಿಸಿದ ದುಂಡು ತಟ್ಟೆಗಳು, ಒಂದರ ಮೇಲೊಂದು, ನಡುವೆ ಒಂದು ದಾರ. ಒಂದೊಂದರ ಅಂಚಿನಲ್ಲೂ ದೇವರ ಗುಣಗಳನ್ನು ಬರೆದಿದ್ದರು: ಒಳ್ಳೆಯತನ, ಹಿರಿಮೆ, ಜ್ಞಾನ, ಇನ್ನೂ ಏನೇನೋ. ಇಬ್ಬರು ಪ್ರಾಮಾಣಿಕವಾಗಿ ಎದುರುಬದುರು ಕೂತು ಅದನ್ನು ತಿರುಗಿಸಿದರೆ ಕೊನೆಗೆ ಒಂದೇ ಸತ್ಯಕ್ಕೆ ಬಂದು ನಿಲ್ಲುತ್ತಾರಂತೆ, ಜಗಳವೇ ಇರುವುದಿಲ್ಲವಂತೆ. ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ಇಟ್ಟರೆ ಕಡಲಗಾಳಿಗೆ ಅದು ತಾನಾಗಿಯೇ ಮೆಲ್ಲಗೆ ತಿರುಗುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಎಷ್ಟೋ ಸಲ ನಿದ್ದೆ ಹತ್ತಿದೆ.

“ಇವತ್ತು ಏನು ಅಡುಗೆ ಮಾಡ್ಲಿ ಅಂತ ಅದನ್ನೇ ಕೇಳಿ” ಎಂದು ನಾನು ರೇಗಿಸುತ್ತಿದ್ದೆ.

“ಕೇಳಬಹುದು” ಎಂದು ಅವರು ಗಂಭೀರವಾಗಿಯೇ ತಿರುಗಿಸುತ್ತಿದ್ದರು. ಅವರ ಮೇಲೆ ಕೋಪ ಮಾಡಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ.

ಅರಬ್ಬಿ ಭಾಷೆ ಕಲಿಸಿದವಳು ನಮ್ಮ ಮನೆಯ ನುಜಾ. ಅವಳು ಹುಟ್ಟಿದ್ದು ಬುಜಿಯಾದಲ್ಲೇ. ಮಗುವಾಗಿದ್ದಾಗ ಹಡಗುಗಳ್ಳರ ಕೈಗೆ ಸಿಕ್ಕಿ ನಮ್ಮ ದ್ವೀಪಕ್ಕೆ ಬಂದವಳು. ನನ್ನ ಮಾವ ಸಾಯುವ ಮುಂಚೆ ಅವಳನ್ನು ದಾಸ್ಯದಿಂದ ಬಿಡಿಸಿದರು. ಬಿಟ್ಟರೂ ಅವಳು ಹೋಗಲಿಲ್ಲ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ತನ್ನ ನಮಾಜು ತಾನು ಮಾಡಿಕೊಳ್ಳುತ್ತಿದ್ದಳು. ಪಾಠ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಅವಳು ಹಿಟ್ಟು ನಾದುತ್ತ ಹೇಳಿಕೊಡುವಳು, ಇವರು ಸೌದೆಯ ರಾಶಿಯ ಮೇಲೆ ಕೂತು ಒಪ್ಪಿಸುವರು.

“ಅಯ್ಯನೋರೇ, ದೇವರ ಬಗ್ಗೆ ಹೇಳುವಾಗ ಸ್ವಲ್ಪ ಗಟ್ಟಿಯಾಗಿ ಹೇಳಿ” ಎನ್ನುತ್ತಿದ್ದಳು ನುಜಾ. “ನೀವು ಹೇಳೋದು ಕೇಳಿದ್ರೆ ಕೋಳಿ ಕರೆದ ಹಾಗಿದೆ. ನಾನು ಕೋಳಿ ಕರೆಯೋದನ್ನ ಕೇಳಿ ಕೇಳಿ ಕಲಿತಿದೀರ, ಅದಕ್ಕೇ.”

ಅಂಗಳದ ಕೋಳಿಗಳಂತೂ ಅವರು ತ್ರಿಯೇಕ ದೇವರ ವಿಚಾರ ಎತ್ತಿದ ಕೂಡಲೇ ಓಡಿಬರುತ್ತಿದ್ದವು. ನಾವು ಮೂವರೂ ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ನಮಗೆ ಮಕ್ಕಳಿರಲಿಲ್ಲ. ನಮ್ಮ ಮನೆಯ ಸಂತೋಷವೆಲ್ಲ ಇಂಥದ್ದೇ.

ನಗು ನಿಂತದ್ದು ಒಬ್ಬ ಎಳೆಯ ಸನ್ಯಾಸಿಯ ಸುದ್ದಿ ಬಂದ ಮೇಲೆ. ನಮ್ಮ ಊರಿನ ಮಠದಿಂದಲೇ ಹೋದವನು, ಗಡ್ಡ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬುಜಿಯಾದ ಸಂತೆಯಲ್ಲಿ ಬಾಯಿ ತೆರೆದ ದಿನವೇ ಜನ ಕಲ್ಲು ಹೊಡೆದು ಕೊಂದರು. ವರ್ತಕರು ಅವನ ಒಂದು ಚಪ್ಪಲಿಯನ್ನು ತಂದುಕೊಟ್ಟರು. ಅದನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಇಗರ್ಜಿಯ ಬಲಗಡೆ ಇರಿಸಿದ್ದಾರೆ. ಭಾನುವಾರ ಊರಿಗೆ ಊರೇ ಸಾಲು ನಿಂತು ಅದಕ್ಕೆ ಮುತ್ತಿಡುತ್ತದೆ. ನಾನೂ ಇಟ್ಟಿದ್ದೇನೆ. ಆದರೆ ಅದು ಯಾರೋ ತಾಯಿಯೊಬ್ಬಳ ಮಗನ ಚಪ್ಪಲಿ ಎಂಬುದನ್ನು ನಾನು ಒಂದು ಸಲವೂ ಮರೆತಿಲ್ಲ.

ಊರಿಗೆ ಇನ್ನೊಂದು ಚಪ್ಪಲಿಯ ಆಸೆ ಹುಟ್ಟಿತು. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಾಲ್ಸೆರಾನರಂಥ ಜ್ಞಾನಿ ಇಲ್ಲಿ ಎಣ್ಣೆಗಾಣದ ಪಕ್ಕ ಕೊಳೆಯುವುದೇ ಎಂದರು. ಪಾಸ್ಖ ಹಬ್ಬ ಕಳೆದು ಹಡಗುಗಳು ಹೊರಡುವ ಹೊತ್ತಿಗೆ ಪ್ರತಿ ವಸಂತದಲ್ಲೂ ಇವರೂ, “ಈ ಸಲ ಹೋಗ್ತೀನಿ” ಎನ್ನುವರು. ನಾನು ಬೇಡ ಎನ್ನುವೆ. ಮುಗಿಯಿತು. ಯಾಕೆಂದರೆ ಕ್ರೈಸ್ತ ಸಭೆಯ ಕಟ್ಟಳೆ ಹಾಗಿದೆ: ಮದುವೆಯಾದ ಗಂಡಸು ಧರ್ಮ ಸಾರಲು ಮನೆ ಬಿಟ್ಟು ಹೋಗಬೇಕಾದರೆ ಹೆಂಡತಿ ಇಗರ್ಜಿಯಲ್ಲಿ ಎಲ್ಲರ ಮುಂದೆ ಒಪ್ಪಬೇಕು. ಒಪ್ಪಿದ ಮೇಲೆ ಅವರಿಬ್ಬರೂ ಗಂಡಹೆಂಡತಿಯರಲ್ಲ. ಅವನು ದೇವರವನು, ಅವಳು ಮಠದವಳು. ಅವಳು ಒಪ್ಪದಿದ್ದರೆ ಬಿಷಪರೂ ಅವನನ್ನು ಕಳಿಸುವ ಹಾಗಿಲ್ಲ.

ಹಾಗಾಗಿ ಊರಿನ ಸಿಟ್ಟೆಲ್ಲ ನನ್ನ ತಲೆಗೆ ಬಂತು. ಅದರಲ್ಲೂ ಮೀನು ಮಾರುವ ಆಲ್ದೊನ್ಸಾಳ ಬಾಯಿ ಅಂದರೆ ಬಾಯಿ.

“ಜಾಗ ಬಿಡಿ, ಜಾಗ ಬಿಡಿ! ದೇವರ ಆಳನ್ನ ಸೊಂಟಕ್ಕೆ ಕಟ್ಕೊಂಡೋಳು ಬಂದ್ಲು. ಏನು ಕೊಡ್ಲಮ್ಮಾ? ಹಿಡಿದ್ರೆ ಬಿಡದೇ ಇರೋ ಏಡಿ ಇದೆ, ನಿನ್ನ ಜಾತೀದೇ.”

“ಏಡಿ ಬೇಡ, ನಿನ್ನ ನಾಲಿಗೆ ಇದ್ರೆ ಅರ್ಧ ಸೇರು ಕೊಡು, ಉಪ್ಪು ಹಾಕಿಡ್ತೀನಿ” ಎಂದು ನಾನೂ ಅನ್ನುತ್ತಿದ್ದೆ. ಅಂದು ಮನೆಗೆ ಬಂದು ಅಳುತ್ತಿದ್ದೆ.

ಗಾಲ್ಸೆರಾನ್ ನನ್ನನ್ನು ಒಂದು ದಿನವೂ ದೂರಲಿಲ್ಲ. ಬೆಳಗಿನ ಬ್ರೆಡ್ಡು ಎಣ್ಣೆಯಲ್ಲಿ ಅದ್ದಿಕೊಳ್ಳುತ್ತ ತಮ್ಮ ಬಿಳಿಯ ಪಟ್ಟಣದ ಮಾತಾಡುವರು. ಕನಸು ವರ್ಷ ವರ್ಷವೂ ಬೆಳೆಯುತ್ತಿತ್ತು. ಅಲ್ಲಿ ಈಗ ಕಾರಂಜಿ ಇತ್ತು, ದಾಳಿಂಬೆಯ ಗಿಡವಿತ್ತು, ಬಾಗಿಲಲ್ಲಿ ಕಾಯುವ ಜನರಿಗೆ ಮುಖಗಳು ಬಂದಿದ್ದವು. ಒಬ್ಬ ಕುಂಬಾರನಂತೂ ಇವರ ಜೊತೆ ಮಾತಿಗೂ ಶುರುಮಾಡಿದ್ದ. ಕೇಳುತ್ತ ಕೇಳುತ್ತ ನನಗೂ ಆ ಊರಿನ ದಾರಿಗಳೆಲ್ಲ ಗೊತ್ತಾದವು.

ಈ ಕತೆ ನಡೆದ ವರ್ಷ, ಬಾದಾಮಿಯ ಹೂವು ಉದುರಿ ಅಂಗಳವೆಲ್ಲ ಬೆಳ್ಳಗಾಗಿದ್ದ ಒಂದು ಮಧ್ಯಾಹ್ನ, ನಾನು ಮಲಗಿದಲ್ಲೇ ಆ ಊರಿಗೆ ಹೋದೆ. ಒಬ್ಬಳೇ ಹೋಗಿದ್ದೆ. ಬೀದಿಯಲ್ಲಿ ಸದ್ದಿಲ್ಲ. ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಕುಂಬಾರ ನನ್ನನ್ನು ನೋಡಿ ಗುರುತು ಹಿಡಿದು, “ಅವರು ಬರಲ್ವಾ?” ಎಂದು ಕೇಳಿದ. ಅವನು ಬೇಸರವಿಲ್ಲದೆ ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ಒಂದೊಂದಾಗಿ ಬೆಟ್ಟದ ತನಕ ಎಲ್ಲ ಬಾಗಿಲುಗಳೂ ಮುಚ್ಚಿಕೊಂಡವು. ಎಚ್ಚರವಾದಾಗ ಗಾಲ್ಸೆರಾನ್ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದರು. ಗಡ್ಡ ಬೆಳ್ಳಗಾಗಿತ್ತು. ಯಾವಾಗ ಬೆಳ್ಳಗಾಯಿತೋ ನಾನು ನೋಡಿಯೇ ಇರಲಿಲ್ಲ.

ಈ ಮನುಷ್ಯ ಬಯಸಿದ್ದು ಇದೊಂದೇ, ನಾನು ಅದಕ್ಕೆ ಬಾಗಿಲಾಗಿ ನಿಂತಿದ್ದೇನೆ ಅನ್ನಿಸಿತು. ಎದ್ದವಳೇ ಮುಖವನ್ನೂ ತೊಳೆಯದೆ ಪಾದ್ರಿ ಪೊನ್ಸ್ ಅವರ ಬಳಿಗೆ ಹೋದೆ. ನಮ್ಮ ಊರಿನಲ್ಲಿ ಬಿಷಪರ ಪರವಾಗಿ ಇಂಥದ್ದನ್ನೆಲ್ಲ ನೋಡಿಕೊಳ್ಳುವವರು ಅವರು.

“ಒಪ್ತೀನಿ ಸ್ವಾಮಿ. ಈ ಸಲದ ಹಡಗಿಗೆ ಕಳಿಸಿಬಿಡಿ” ಎಂದೆ.

ಅವರು ಕೂತಲ್ಲಿಂದ ಎದ್ದು ನನ್ನ ಕೈಗೆ ಮುತ್ತಿಟ್ಟರು. ಪಾದ್ರಿಯೊಬ್ಬರು ನನ್ನ ಕೈಗೆ!

ಅಲ್ಲಿಂದ ಇಗರ್ಜಿಯಲ್ಲಿ ಒಪ್ಪಿಗೆ ಕೊಡುವ ದಿನದವರೆಗೆ ನಾನು ಯಾರೋ ಬೇರೆಯವಳಾಗಿ ಬದುಕಿದೆ. ಹೆಂಗಸರು ದಾರಿಯಲ್ಲಿ ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಸಂತ ಕ್ಲಾರಳ ಮಠದಲ್ಲಿ ನನಗಾಗಿ ಕಡಲಿಗೆ ಮುಖಮಾಡಿದ ಕೋಣೆಯನ್ನು ಸುಣ್ಣ ಹೊಡೆಸಿ ಇಟ್ಟರು. ಆಲ್ದೊನ್ಸಾ ಬುಟ್ಟಿಯಲ್ಲಿದ್ದ ಒಳ್ಳೆಯ ಮೀನನ್ನೇ ಆರಿಸಿ ನನ್ನ ಕೈಗಿಟ್ಟು, “ನಾನು ಅಂದಿದ್ದೆಲ್ಲ ಮನಸ್ಸಲ್ಲಿ ಇಟ್ಕೋಬೇಡ ತಾಯಿ, ನನ್ನ ಬಾಯೇ ಹಾಳು ಬಾಯಿ” ಎಂದು ಅತ್ತಳು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಅಷ್ಟು ವರ್ಷ ಬೈಸಿಕೊಂಡವಳಿಗೆ ಆ ಮರ್ಯಾದೆ ಜೇನಿನಂತೆ ಇಳಿಯಿತು.

ನಾನು ಒಪ್ಪಿದೆನೆಂದು ಹೇಳಿದಾಗ ಗಾಲ್ಸೆರಾನ್, “ಹೌದಾ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, “ಹೌದಾ?” ಎಂದರು. ಬಂದು ನನ್ನ ಹಣೆಗೆ ಮುತ್ತಿಟ್ಟು ಕೋಳಿಗಳ ಕಡೆ ಹೋದರು.

ಆಮೇಲಿನ ದಿನಗಳಲ್ಲಿ ಅವರಿಗೆ ಊಟ ಸೇರಲಿಲ್ಲ. ಮುಖ ಬಿಳಿಚಿಕೊಂಡಿತು. ಲೋಟ ಎತ್ತಿದರೆ ಕೈ ನಡುಗಿ ನೀರು ಚೆಲ್ಲುತ್ತಿತ್ತು. ಉಪವಾಸ ಮಾಡುತ್ತಿದ್ದಾರೆ ಎಂದಿತು ಊರು. ಪವಿತ್ರಾತ್ಮ ಮೈಮೇಲೆ ಇಳಿದಿದೆ, ಅದಕ್ಕೇ ಆ ನಡುಕ ಎಂದರು ಪಾದ್ರಿ ಪೊನ್ಸ್. ಅವರನ್ನು ನೋಡಲು ಹಳ್ಳಿಗಳಿಂದ ಜನ ಬಂದು ಅಂಗಳದಲ್ಲಿ ಮೊಣಕಾಲೂರಿದರು. ನಾನೂ ಹಾಗೇ ತಿಳಿದೆ. ನಾವು ಮಲ್ಲೋರ್ಕಾದವರು ದೇವರನ್ನು ಎಲ್ಲೆಲ್ಲೂ ಕಂಡುಬಿಡುತ್ತೇವೆ, ಪಕ್ಕದಲ್ಲಿ ಕೂತ ಮನುಷ್ಯ ಮಾತ್ರ ಕಾಣುವುದಿಲ್ಲ.

“ಅಕ್ಕಾ, ಅಯ್ಯನೋರು ನಿನ್ನೆ ಒಂದು ಕೇಳಿದ್ರು” ಎಂದಳು ನುಜಾ ಒಂದು ಬೆಳಿಗ್ಗೆ, ಬಾವಿಯ ಬಳಿ. “ನಿಮ್ಮೂರಲ್ಲಿ ಕಲ್ಲು ಹೊಡೆಯೋವಾಗ ದೊಡ್ಡ ಕಲ್ಲು ತಗೋತಾರಾ, ಸಣ್ಣದಾ ಅಂತ.”

“ನೀನೇನಂದೆ?”

“ನಂಗೇನು ಗೊತ್ತು, ಬರೋವಾಗ ಹಾಲುಹಲ್ಲು ಬಿದ್ದಿರಲಿಲ್ಲ ಅಂದೆ. ಆಮೇಲೆ ಇನ್ನೊಂದು ಪಾಠ ಹೇಳಿಕೊಡು, ನಂಗಿನ್ನೂ ಭಾಷೆ ಸಾಲದು ಅಂದ್ರು. ಸಾಲದೇ ಏನು? ನಂಗಿಂತ ಚೆನ್ನಾಗಿ ಬರುತ್ತೆ ಈಗ ಅವರಿಗೆ.”

ಧರ್ಮಕ್ಕಾಗಿ ಪ್ರಾಣಕೊಟ್ಟು ರಕ್ತಸಾಕ್ಷಿಯಾಗಲು ಮನಸ್ಸನ್ನು ಅಣಿಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ಅವಳಿಗೆ ಬುದ್ಧಿ ಹೇಳಿದೆ. ನುಜಾ ನನ್ನ ಮುಖವನ್ನೇ ನೋಡಿ, ಕೊಡ ಎತ್ತಿಕೊಂಡು ಹೋದಳು.

ಇಗರ್ಜಿಯ ದಿನ ಕಡಲಿನಿಂದ ಮಂಜು ಎದ್ದು ಬೀದಿಗಳಲ್ಲಿ ತುಂಬಿಕೊಂಡಿತ್ತು. ಗಂಟೆ ಎಲ್ಲಿಂದ ಬಾರಿಸುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಜನ ಮಂಜಿನೊಳಗಿಂದ ಬಂದು, ನನ್ನ ತೋಳು ಮುಟ್ಟಿ, ಮತ್ತೆ ಮಂಜಿನೊಳಗೆ ಹೋಗುತ್ತಿದ್ದರು. ನನಗೆ ಕಾಲು ನೆಲಕ್ಕೆ ತಾಗುತ್ತಿದೆ ಎಂದೇ ಅನ್ನಿಸಲಿಲ್ಲ. ಒಳಗೆ ಮೇಣದ ಬತ್ತಿಗಳ ಬೆಳಕು. ಗಾಲ್ಸೆರಾನ್ ಪೀಠದ ಮುಂದೆ ಕಂದು ಬಣ್ಣದ ಒರಟು ಮೇಲಂಗಿ ತೊಟ್ಟು, ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿಕೊಂಡು ನಿಂತಿದ್ದರು.

ನಮ್ಮ ದ್ವೀಪದಲ್ಲಿ ಒಪ್ಪಿಗೆ ಕೊಡುವುದು ಹೀಗೆ: ಗಂಡ ಬೆಳಿಗ್ಗೆ ತನ್ನ ಕೈಯಾರೆ ಮೇಲಂಗಿಯ ಕೊರಳ ಲಾಡಿ ಕಟ್ಟಿಕೊಂಡು ಬರುತ್ತಾನೆ. ಹೆಂಡತಿ ಒಪ್ಪಿದೆ ಎನ್ನುತ್ತ ಆ ಗಂಟನ್ನು ಬಿಚ್ಚುತ್ತಾಳೆ. ಅಂಗಿ ಜಾರಿ ನೆಲಕ್ಕೆ ಬೀಳುತ್ತದೆ. ಪಾದ್ರಿ ಅದನ್ನು ಎತ್ತಿ ದೇವರ ಹೆಸರಿನಲ್ಲಿ ಮತ್ತೆ ಹೊದಿಸುತ್ತಾರೆ. ಎಳೆದರೆ ಬಿಚ್ಚುವ ಸಡಿಲ ಗಂಟನ್ನೇ ಹಾಕಿಕೊಳ್ಳುವುದು ರೂಢಿ.

“ಸೌರಿನಾ, ನಿಮ್ಮ ಸ್ವಂತ ಮನಸ್ಸಿಂದ, ಯಾರ ಹೆದರಿಕೆಯೂ ಇಲ್ಲದೆ ಈ ಮನುಷ್ಯನನ್ನ ದೇವರಿಗೆ ಬಿಟ್ಟುಕೊಡ್ತೀರಾ?” ಎಂದು ಪಾದ್ರಿ ಪೊನ್ಸ್ ಕೇಳಿದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಕೈಯೆತ್ತಿ ಲಾಡಿಯ ತುದಿ ಹಿಡಿದು ಎಳೆದೆ. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದೆ. ಬೆರಳಿನಿಂದ ತಡವಿ ನೋಡಿದರೆ ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು, ನೀರಿನಲ್ಲಿ ನೆನೆಸಿ ಜಗ್ಗಿ ಬಿಗಿದಿದ್ದರು. ಉಗುರು ಹೋಗುವಷ್ಟು ಜಾಗವೂ ಇರಲಿಲ್ಲ. ಕಲ್ಲಾಗಿತ್ತು. ಆ ದಾರ ಅವರ ಕೊರಳಿನ ಚರ್ಮವನ್ನು ಕಚ್ಚಿ ಹಿಡಿದಿತ್ತು.

ತಲೆಯೆತ್ತಿ ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು, ಕೆಳದುಟಿ ಅದುರುತ್ತಿತ್ತು. ಪವಿತ್ರಾತ್ಮ ಎಲ್ಲಿಯೂ ಇರಲಿಲ್ಲ. ಒಬ್ಬ ಮುದುಕ ಹೆದರಿ ನಿಂತಿದ್ದ, ಅಷ್ಟೇ.

ಇಷ್ಟು ವರ್ಷ ನಾನು ಬೇಡ ಎಂದದ್ದರ ಹಿಂದೆ ಅವರು ಬೆಚ್ಚಗೆ ಕೂತಿದ್ದರು ಎಂದು ಆಗ ತಿಳಿಯಿತು. ಬಿಳಿಯ ಪಟ್ಟಣ ಅವರಿಗೆ ಬೇಕಿತ್ತು, ನಿಜ. ಕನಸಿನಲ್ಲಿ ಬೇಕಿತ್ತು, ನಾಳೆಗೆ ಬೇಕಿತ್ತು. ಕಲ್ಲು ಬೇಕಿರಲಿಲ್ಲ. ಅದನ್ನು ಹೇಳುವ ಧೈರ್ಯ ಅವರಿಗಿರಲಿಲ್ಲ, ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ನಾನು ಈಗ ಹೂಂ ಅಂದರೆ ಪಾದ್ರಿ ಕತ್ತರಿ ತರಿಸಿ ಲಾಡಿ ಕತ್ತರಿಸುತ್ತಾರೆ, ಇವರು ಹಡಗು ಹತ್ತುತ್ತಾರೆ, ಇಷ್ಟು ಜನರ ಮುಂದೆ ಹಿಂದೆ ಸರಿಯಲು ನಾಚಿ ಸಾಯುತ್ತಾರೆ. ಊಹೂಂ ಅಂದರೆ ಮಠದ ಕೋಣೆ, ಕಣ್ಣಿಗೆ ಒತ್ತಿಕೊಂಡ ಕೈಗಳು, ನನ್ನ ಒಳ್ಳೆಯ ಹೆಸರು ಎಲ್ಲವೂ ಈ ಕ್ಷಣಕ್ಕೇ ಮುಗಿಯಿತು. ಎರಡನೆಯದಕ್ಕೆ ನನಗೆ ದುಃಖವಾಯಿತು. ಆಗದೇ ಇರಲು ನಾನೇನು ಸಂತಳೇ?

ಲಾಡಿಯಿಂದ ಕೈ ತೆಗೆದೆ.

“ಬಿಡಲ್ಲ” ಎಂದೆ.

ಗಂಟಿನ ಸಂಗತಿ ಯಾರಿಗೂ ಗೊತ್ತಾಗಬಾರದೆಂದು ಅವರ ಮುಂದೆ ಅಡ್ಡ ನಿಂತೆ.

“ತಾಯೀ, ನಿನ್ನೆ ತನಕ ಒಪ್ಪಿದ್ರಲ್ಲ” ಎಂದರು ಪಾದ್ರಿ, ದನಿ ಒಣಗಿತ್ತು.

“ನಿನ್ನೆ ಒಪ್ಪಿದ್ದೆ. ಇವತ್ತು ಇಲ್ಲ. ನನ್ನ ಗಂಡ, ನಾನು ಬಿಡಲ್ಲ.”

“ದೇವರ ಮುಂದೆ ನಿಂತಿದೀರಿ. ಕಾರಣ ಹೇಳಿ.”

ಕಾರಣ ಬೇಕೇ ಬೇಕಿತ್ತು, ಮತ್ತೆಂದೂ ಯಾರೂ ನನ್ನನ್ನು ಈ ಮಾತಿಗೆ ಕರೆಯಬಾರದಂಥದ್ದು. “ನಂಗೆ ಒಬ್ಬಳೇ ಮಲಗಿದ್ರೆ ನಿದ್ದೆ ಬರಲ್ಲ” ಎಂದೆ, ಹಿಂದಿನ ಸಾಲಿಗೂ ಕೇಳುವ ಹಾಗೆ.

ಗಂಡಸರ ಕಡೆಯಿಂದ ನಗು ಎದ್ದಿತು. ಹೆಂಗಸರು ನಗಲಿಲ್ಲ. “ಥೂ! ಈ ವಯಸ್ಸಲ್ಲಿ!” ಎಂದ ಆಲ್ದೊನ್ಸಾಳ ದನಿ ನನಗೆ ಚೆನ್ನಾಗಿ ಗೊತ್ತಾಯಿತು. “ನನ್ನ ಮೀನು ಹೊಟ್ಟೇಲಿ ಕೊಳೀಲಿ ನಿಂಗೆ!”

ಗಾಲ್ಸೆರಾನ್ ಆಗ ಎರಡು ಕೈಯನ್ನೂ ಮೇಲೆತ್ತಿ, ಕಣ್ಣು ಮುಚ್ಚಿ, “ದೇವರ ಚಿತ್ತ ಹಾಗಿದ್ರೆ ನಾನು ತಲೆಬಾಗ್ತೀನಿ” ಎಂದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಮುದುಕಿಯರು ಬಿಕ್ಕಿಬಿಕ್ಕಿ ಅತ್ತರು. ನನಗೆ ಅಲ್ಲೇ ಬತ್ತಿಯ ಕಂಬ ತೆಗೆದು ಅವರ ತಲೆಗೆ ಬಾರಿಸಬೇಕು ಅನ್ನಿಸಿತು.

ಮನೆಯ ತನಕ ಅವರು ಮುಂದೆ, ನಾನು ಹಿಂದೆ. ಜನ ಮಂಜಿನಿಂದ ಬಂದು ಅವರ ಅಂಗಿಯ ಅಂಚು ಮುಟ್ಟಿ ಸಮಾಧಾನ ಹೇಳುವರು, ನನ್ನನ್ನು ಕಂಡರೆ ಉಗುಳುವರು. ಅಂಗಳದ ಬಾಗಿಲು ಹಾಕಿಕೊಂಡ ಮೇಲೆ ಅವರು ಕಟ್ಟೆಯ ಮೇಲೆ ಕುಸಿದು ಕೂತರು. ನುಜಾ ಬಂದು ಕೊರಳ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು, ಎಣ್ಣೆಯ ಬಟ್ಟಲು ಮತ್ತು ದಬ್ಬಣ ತಂದಿಟ್ಟಳು. ನಾನು ಗಂಟಿಗೆ ಎಣ್ಣೆ ಬಿಟ್ಟು, ದಬ್ಬಣದಿಂದ ಕೆದಕಿ, ಕೊನೆಗೆ ಹಲ್ಲಿನಿಂದ ಎಳೆದೆ. ಅವರು ಮಗುವಿನ ಹಾಗೆ ಗದ್ದ ಮೇಲೆತ್ತಿ ಕೂತಿದ್ದರು.

“ನೀನು ಹೂಂ ಅಂದಿದ್ರೆ ನಾನು ಹೋಗಿರ್ತಿದ್ದೆ” ಎಂದರು.

“ಗೊತ್ತು.”

“ಖಂಡಿತ ಹೋಗಿರ್ತಿದ್ದೆ ಸೌರಿನಾ.”

“ಗೊತ್ತು ರೀ. ನಾನೇ ಅಡ್ಡ ಬಂದೆ. ಯಾರು ಕೇಳಿದ್ರೂ ಹಾಗೇ ಹೇಳಿ.”

ಗಂಟು ಬಿಚ್ಚಿತು. ಕೊರಳಿನಲ್ಲಿ ಕೆಂಪು ಗೆರೆ ಎದ್ದಿತ್ತು. ಅದಕ್ಕೂ ಎಣ್ಣೆ ಸವರಿದೆ. ಅವರು ನನ್ನ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಬ್ರೆಡ್ಡು, ಅಂಜೂರ, ಉಪ್ಪುಮೀನು ಎಲ್ಲ ತಿಂದು, ಮಂಜು ಕರಗಿ ಬಂದ ಬಿಸಿಲಿಗೆ ಅಲ್ಲೇ ಮಲಗಿ ಗೊರಕೆ ಹೊಡೆದರು. ನಾನು ಅವರನ್ನು ಆ ದಿನ ದ್ವೇಷಿಸಿದೆ. ಅಷ್ಟು ಪ್ರೀತಿಸಿದ್ದೂ ಆ ದಿನವೇ.

ಆ ವಿಷಯ ನಾವು ಮತ್ತೆ ಎತ್ತಲಿಲ್ಲ. ಅವರು ಬರೆದರು, ಕಲಿಸಿದರು, ಚಕ್ರ ತಿರುಗಿಸಿದರು. ದೂರ ದೂರದಿಂದ ವಿದ್ಯಾರ್ಥಿಗಳು ಬಂದು, ಹೆಂಡತಿ ತಡೆದ ಮಹಾತ್ಮ ಇವರೇ ಎಂದು ಕಾಲಿಗೆ ಬೀಳುತ್ತಿದ್ದರು, ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಬಿಳಿಯ ಪಟ್ಟಣದಲ್ಲಿ ಕುಂಬಾರನಿಗೆ ಮದುವೆಯಾಯಿತು, ಮಕ್ಕಳಾದವು. ಅದನ್ನೆಲ್ಲ ನಾನು ಬೆಳಗಿನ ಬ್ರೆಡ್ಡಿನ ಜೊತೆ ಕೇಳುತ್ತಿದ್ದೆ.

ಈ ವರ್ಷ, ಪಾಸ್ಖ ಹಬ್ಬದ ಮುಂಚಿನ ತಪಸ್ಸುಕಾಲದಲ್ಲಿ ಅವರು ತೀರಿಕೊಂಡರು. ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ನಾನು ಕೂತ ಬೆಂಚು ಮಾತ್ರ ಖಾಲಿ. ಪಾದ್ರಿ ಪೊನ್ಸ್‌ಗೂ ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ. “ಈ ಧೀರ ಪುರುಷ ರಕ್ತಸಾಕ್ಷಿಯ ಕಿರೀಟಕ್ಕಾಗಿಯೇ ಹುಟ್ಟಿದ್ದ. ಒಬ್ಬ ಹೆಂಗಸಿನ ಶರೀರದ ಆಸೆ ಅದನ್ನು ಕಸಿದುಕೊಂಡಿತು” ಎಂದರು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಹೌದೆಂದು ತಲೆ ತಗ್ಗಿಸಿದೆ.

ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ ನುಜಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಕ್ಕಾ, ಒಂದು ಮಾತು ಹೇಳ್ತೀನಿ ಇವರಿಗೆ. ಒಂದೇ ಒಂದು.”

“ಬಾಯಿ ಮುಚ್ಚು ನುಜಾ.”

“ಅಯ್ಯನೋರು ಹೋಗಿ ಆಯ್ತಲ್ಲ. ಇನ್ನು ಯಾರಿಗೆ ನಾಚಿಕೆ?”

“ಅವರಿಗೇ. ಎಷ್ಟು ಸುಲಭವಾಗಿ ನಾಚ್ಕೋತಿದ್ರು ಅಂತ ನಿಂಗೊತ್ತಿಲ್ವಾ?”

ಅಷ್ಟರಲ್ಲಿ ಆಲ್ದೊನ್ಸಾ ಊರುಗೋಲು ಕುಟ್ಟಿಕೊಂಡು ನನ್ನ ಮುಂದೆ ಬಂದು ನಿಂತಳು. “ಈಗ ಸಮಾಧಾನ ಆಯ್ತೇನೇ ನಿಂಗೆ?” ಎಂದಳು.

“ಹೂಂ ಕಣೇ, ಆಯ್ತು” ಎಂದೆ. “ಹಾಸಿಗೇಲೇ ಹೋದ್ರು. ನನ್ನ ಕೈ ಹಿಡ್ಕೊಂಡಿದ್ರು.”

ಅವಳು ಉಗುಳಿ ಹೋದಳು. ನುಜಾ ನನ್ನ ತೋಳು ಹಿಡಿದುಕೊಂಡಳು, ನಾವಿಬ್ಬರೂ ಮೆಟ್ಟಿಲಿಳಿದೆವು.